ತಂಗೆವ್ವನ ಕರಿನಾಲಿಗಿ

ಹೂಂ ಅನ್ನೋ ಕಿವಿ ಇದ್ರ ಹೇಳೋ ಬಾಯಿಗೆ ದಣಿವಿಲ್ಲ. ಹೂಂ ಅಂತೀರಲ್ಲ? ಹಂಗಾದ್ರ ಕೇಳ್ರಿ.

ಯಾವುದೋ ಸೀಮಿ, ಯಾವುದೋ ಊರು. ಆ ಊರಾಗ ತಂಗೆವ್ವ ಅಂತ ಒಬ್ಬಾಕಿ ಮುದುಕಿ. ಆಕೀಗೆ ಎಲ್ಲಾದಕ್ಕೂ ಅಂಜಿಕಿ. ಒಲಿ ಆರಿಸಿದ್ರೂ ಬೂದಿ ಕೆದರಿ ನೋಡಾಕಿ. ಬಾಗಿಲಾ ಹಾಕಿದ್ರೂ ತಿರುಗಿ ಬಂದು ಜಗ್ಗಿ ನೋಡಾಕಿ. ಊರ ಮಂದಿ ನಗತಿದ್ರು. ನಗೋರಿಗೇನು, ಹಲ್ಲು ತೋರಿಸಿದ್ರ ಆತು.

ಊರಿಗೆಲ್ಲ ಒಂದ ಬಾವಿ. ಅದರ ಕಟ್ಟಿ ಒಂದು ಕಡೆ ಕುಸಿದು ನೀರಾಗ ಬಿದ್ದಿತ್ತು. ಅದನ್ನ ನೋಡಿದಾಗಿಂದ ತಂಗೆವ್ವಗ ತುತ್ತು ಗಂಟಲಾಗ ಇಳೀವಲ್ದು.

ಊರಗೌಡ ಚನಬಸಗೌಡನ ಹತ್ರ ಹೋದಳು. "ಗೌಡ್ರ, ಬಾವಿಗೆ ಕಟ್ಟಿ ಕಟ್ಟಿಸ್ರಿ. ಯಾರರೆ ಬೀಳ್ತಾರ."

"ಹಣಿಬರದಾಗ ಇದ್ದೋರು ಬೀಳ್ತಾರ, ಹೋಗಬೇ," ಅಂದ ಗೌಡ.

ಪೂಜಾರಿ ಹತ್ರ ಹೋದಳು. "ನೀವರೆ ಗೌಡ್ರಿಗೆ ಹೇಳ್ರಿ. ಯಾರರೆ ಬೀಳ್ತಾರ."

"ಗಂಗವ್ವತಾಯಿ ಕಾಯ್ತಾಳ, ಹೋಗಬೇ," ಅಂದ ಪೂಜಾರಿ.

ನೀರಿಗೆ ಬಂದ ಹೆಂಗಸರ ಹತ್ರ ಹೋದಳು. "ಎಲ್ಲಾರೂ ಕೂಡಿ ಕಲ್ಲು ಹೊರೂಣ ಬರ್ರೆ. ಯಾರರೆ ಬೀಳ್ತಾರ."

"ಮುದುಕಿಗೆ ಬ್ಯಾರೆ ಕೆಲಸಿಲ್ಲ," ಅಂತ ಕೊಡ ಎತ್ಕೊಂಡು ನಡೆದ್ರು.

ಏನು ಮಾಡಬೇಕು ಆಕಿ? ಒಂದು ಹಗ್ಗ ತಗೊಂಡು ಬಾವಿ ಹತ್ರ ತಾನ ಕುಂತಳು. ಬಿಸಿಲಿಗೂ ಏಳಲಿಲ್ಲ, ಗಾಳಿಗೂ ಏಳಲಿಲ್ಲ.

ಒಂದಿನ ಗೌಡನ ಸೊಸಿ ನೀಲವ್ವ ನೀರಿಗೆ ಬಂದಳು. ಬಸುರಿ ಹೆಣ್ಣುಮಗಳು. "ಆ ಕಡೆ ಹೋಗಬ್ಯಾಡವ್ವ," ಅನ್ನೂದ್ರಾಗ ಕಾಲು ಜಾರಿ ದುಡುಮ್ ಅಂತ ಬಿದ್ದಳು. ತಂಗೆವ್ವ ಅಂಜಿಕೋತನ ಹಗ್ಗ ಇಳಿಬಿಟ್ಟಳು, ನೀಲವ್ವ ಹಿಡಕೊಂಡಳು. ಈ ಕಡೆ ತುದೀನ ತಂಗೆವ್ವ ನೀರು ಸೇದೋ ಗಡಗಡಿ ಕಂಬಕ್ಕ ಸುತ್ತಿ ಹಿಡಿದಳು. ಅಂಗೈ ಸುಲಿದು ರಕ್ತ ಬಂತು, ಬಿಡಲಿಲ್ಲ. ಕೂಗಿ ಕೂಗಿ ಮಂದೀನ ಕೂಡಿಸಿದಳು, ಅವರು ಜಗ್ಗಿ ಮ್ಯಾಲ ತಗದ್ರು. ನೀಲವ್ವ ಬದುಕಿದಳು, ಹೊಟ್ಟ್ಯಾಗಿನ ಕೂಸೂ ಉಳೀತು.

ಈಗ ಹೇಳ್ರಿ, ಆ ಮುದುಕಿಗೆ ಊರು ಏನು ಕೊಡಬೇಕು? ಸೀರಿ ಉಡಿಸಬೇಕು ಅಂತೀರಿ. ಅಲ್ಲ, ಪಂಚರನ್ನ ಕೂಡಿಸಿದ್ರು.

"ಬೀಳ್ತಾರ, ಬೀಳ್ತಾರ ಅಂತ ನುಡಿದಾಕಿ ಈಕಿ," ಅಂದ ಗೌಡ. "ಅದಕ್ಕ ನನ್ನ ಸೊಸಿ ಬಿದ್ದಳು. ಈಕೀದು ಕರಿನಾಲಿಗಿ, ಆಡಿದ್ದೆಲ್ಲ ಆಗತದ. ಊರು ಬಿಡಬೇಕು."

ಪೂಜಾರಿ ಗೋಣು ಹಾಕಿದ. ಪಂಚರೂ ಗೋಣು ಹಾಕಿದ್ರು. ಸುಲಿದ ಅಂಗೈ ಯಾರೂ ನೋಡಲಿಲ್ಲ. ಕಟ್ಟಿ ಕಟ್ಟಿಸದವ ನ್ಯಾಯಕ್ಕ ಕುಂತಾನ, ಹಗ್ಗ ಹಿಡಿದಾಕಿ ಕೈಕಟ್ಟಿ ನಿಂತಾಳ. ಎಂಥಾ ನ್ಯಾಯ ನೋಡ್ರಿ ಇದು.

ಅಲ್ಲೀತನಕ ಅಂಜಿದ್ದ ತಂಗೆವ್ವ ಸಿಟ್ಟಿಗೆದ್ದು ಮುಂದ ಬಂದಳು. ದನಿ ನಡುಗಲಿಲ್ಲ.

"ಆಡಿದ್ದೆಲ್ಲ ಆಗತದಂತ ನೀವ ಹೇಳಿದ್ರಿ ಗೌಡ್ರ. ನನಗ ಗೊತ್ತಿರಲಿಲ್ಲ. ಹಂಗಾದ್ರ ಒಂದು ಮಾತು ಆಡಿ ಹೋಗ್ತೀನಿ. ಈ ಗೌಡ್ರ ಮನಿ..."

"ತಡಿಯಬೇ ಯವ್ವಾ," ಅಂತ ಗೌಡ ದಡಕ್ಕನ ಎದ್ದ. "ಮುಂದ ಆಡಬ್ಯಾಡ. ಏನು ಬೇಕು ಹೇಳು."

"ಕಟ್ಟಿ," ಅಂದಳು.

ಹೊತ್ತು ಮುಳುಗೂದ್ರಾಗ ಕಲ್ಲು ಬಂದ್ವು. ಗೌಡ ಹೊತ್ತ, ಪೂಜಾರಿ ಕೆಸರು ಕಲಸಿದ, ಪಂಚರು ಕಟ್ಟಿದ್ರು. ಊರು ಬಿಡು ಅನ್ನಾಕ ಯಾರಿಗೂ ಬಾಯಿ ಬರಲಿಲ್ಲ. ಒಳ್ಳೆ ಮಾತಿಗೆ ಏಳದ ಊರು ಕೆಟ್ಟ ಮಾತಿಗೆ ಅಂಜಿ ಎದ್ದಿತು.

ಮುಂದೊಂದಿನ ನೀಲವ್ವ ಮೆಲ್ಲಕ ಕೇಳಿದಳು, "ಅವತ್ತು ಏನು ಆಡಾಕಿ ಇದ್ದಿ ಯವ್ವಾ?"

"ಗೌಡ್ರ ಮನಿ ತಣ್ಣಗಿರಲಿ ಅನ್ನಾಕಿ ಇದ್ದೆ ಮಗಳ," ಅಂದಳು ತಂಗೆವ್ವ. "ಅವರು ಪೂರಾ ಕೇಳಲಿಲ್ಲ."

ಕಥಿ ನಿಮ್ಮ ಮನಿ ಸೇರಿತು, ನಾ ನನ್ನ ಮನಿ ಸೇರ್ತೀನಿ.