ಟೈ ಸುತ್ತಿದ ಅಂಕಪಟ್ಟಿ

ವೇದಿಕೆಯ ಮೇಲಿರುವ ಆಡಳಿತ ಮಂಡಳಿಯ ಅಧ್ಯಕ್ಷರಾದ ಏಕಾಂತಯ್ಯನವರೇ, ನನ್ನ ಪ್ರೀತಿಯ ಮುಖ್ಯೋಪಾಧ್ಯಾಯಿನಿ ಪ್ರೇಮಲೀಲಾ ಮಿಸ್, ಈ ಸೆಕೆಯಲ್ಲೂ ಟೈ ಬಿಗಿದುಕೊಂಡು ಕುಳಿತಿರುವ ಮುದ್ದು ಮಕ್ಕಳೇ, ಸಭಿಕರೇ,

ನನ್ನ ಮದುವೆಯಾಗಿ ಇಪ್ಪತ್ತಾರು ದಿನ. ಕೈಯ ಮದರಂಗಿ ಇನ್ನೂ ಪೂರ್ತಿ ಹೋಗಿಲ್ಲ, ಆಗಲೇ ಹಾರ, ಶಾಲು, ಹಣ್ಣಿನ ಬುಟ್ಟಿ! ನನಗೇಕೆ ಸನ್ಮಾನ ಎಂದು ಪ್ರೇಮಲೀಲಾ ಮಿಸ್ ಅವರನ್ನೇ ಕೇಳಿದೆ. "ರ‍್ಯಾಂಕ್ ಬಂದೋರ್ಯಾರೂ ಊರಲ್ಲಿಲ್ಲ ಕಣೇ. ನೀನಾದ್ರೆ ಚೆನ್ನಾಗ್ ಮಾತಾಡ್ತೀಯ" ಎಂದರು. ವಿಷಯವನ್ನೂ ಅವರೇ ಕೊಟ್ಟರು: ನಜರ್‌ಬಾದಿನ ಈ ಶಾಲೆಯ ಹೆಸರಿನಿಂದ ನನಗಾದ ಉಪಕಾರ.

ಉಪಕಾರ ಒಂದೇ, ಎರಡೇ? ಆರು ವರ್ಷದ ಹಿಂದೆ, ತೊಂಬತ್ತೆರಡರಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿ ವಿಜಯನಗರದಲ್ಲಿರುವ ನಮ್ಮದೇ ಸಂಸ್ಥೆಯ ಪಿಯು ಕಾಲೇಜಿನ ಮುಂದೆ ಸಾಲಿನಲ್ಲಿ ನಿಂತಿದ್ದೆ. ಕತ್ತಿನಲ್ಲಿ ಮರೂನ್ ಬಣ್ಣದ ಶಾಲೆಯ ಟೈ. ಗುಮಾಸ್ತರಾದ ವೆಂಕಟಸುಬ್ಬಯ್ಯನವರು ಕಿಟಕಿಯಿಂದಲೇ ನೋಡಿದರು. "ನಮ್ ಸ್ಕೂಲ್ ಮಗೂನಾ? ಬಿಸಿಲಲ್ಯಾಕಮ್ಮ ನಿಂತ್ಬುಟ್ಟೆ, ಒಳಗ್ ಬಾ!" ಸೈನ್ಸ್ ಸೀಟು ಸಿಕ್ಕಿತು. ಅಂಕಪಟ್ಟಿಯ ಮಡಿಕೆಯನ್ನೂ ಅವರು ಬಿಚ್ಚಲಿಲ್ಲ. ಬಿಚ್ಚಿದ್ದರೆ ಐವತ್ನಾಲ್ಕು ಪರ್ಸೆಂಟ್ ಕಾಣಿಸುತ್ತಿತ್ತು. ಅಯ್ಯೋ, ಇದನ್ನು ನಮ್ಮವರಿಗೂ ಹೇಳಿರಲಿಲ್ಲ! ಎರಡನೇ ಸಾಲಿನಲ್ಲಿ ಹೇಗೆ ನಗುತ್ತಿದ್ದಾರೆ ನೋಡಿ. ಹೆಸರು ಹೇಳಲ್ಲಪ್ಪ, ಪಕ್ಕದಲ್ಲೇ ಅತ್ತೆಯವರಿದ್ದಾರೆ.

ನಮ್ಮವರ ತಂಗಿ ತೇಜಸ್ವಿನಿ ಅಶೋಕಪುರಂನ ಸರ್ಕಾರಿ ಹೈಸ್ಕೂಲಿನಲ್ಲಿ ಓದಿದವಳು. ಈ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಎಂಬತ್ತಾರು ಪರ್ಸೆಂಟ್. ನನ್ನ ಪಿಯುಸಿ ಭೌತಶಾಸ್ತ್ರದ ಪುಸ್ತಕವನ್ನು ಅವಳಿಗೆ ಕೊಟ್ಟೆ. "ಅತ್ಗೆ, ಹೊಸದೇ ತಂದ್ಬುಟ್ರಾ?" ಎಂದು ಕೇಳಿದಳು.

ಕಳೆದ ಸೋಮವಾರ ಅವಳನ್ನು ಕರೆದುಕೊಂಡು ಅದೇ ಕಿಟಕಿಗೆ ಹೋದೆ. ವೆಂಕಟಸುಬ್ಬಯ್ಯನವರು ಅರ್ಜಿಯಲ್ಲಿ ಶಾಲೆಯ ಹೆಸರು ಓದಿದರು, ತೆಗೆದು ಕೆಳಗಿನ ಕಟ್ಟಿಗೆ ಸೇರಿಸಿದರು. "ವೇಯ್ಟಿಂಗ್ ಲಿಸ್ಟು ಕಣಮ್ಮ."

"ಪ್ರಶ್ನೆಪತ್ರಿಕೆ ಎಲ್ರಿಗೂ ಒಂದೇ ಅಲ್ವಾ ಸಾರ್?" ಎಂದಳು ತೇಜಸ್ವಿನಿ.

"ಪ್ರಶ್ನೆಪತ್ರಿಕೆ ಒಂದೇ. ಸ್ಕೂಲು ಒಂದೇನಾ?"

ಎಂಥ ಅಭಿಮಾನ! ಅವಳ ಅಂಕಪಟ್ಟಿಯನ್ನೂ ಅವರು ಬಿಚ್ಚಲಿಲ್ಲ. ಐವತ್ನಾಲ್ಕಕ್ಕೂ ಎಂಬತ್ತಾರಕ್ಕೂ ಭೇದವೆಣಿಸದ ಇಂಥ ಸಮದೃಷ್ಟಿ ಬೇರೆಲ್ಲಿ ಸಿಕ್ಕೀತು, ಹೇಳಿ?

ಮನೆಗೆ ಬಂದವಳೇ ಟ್ರಂಕಿನಿಂದ ನನ್ನ ಹಳೆಯ ಟೈ ತೆಗೆದೆ. "ಇದನ್ನ ಕಟ್ಕೊಂಡು ಇನ್ನೊಂದ್ಸಲ ಹೋಗೇ" ಎಂದೆ. ಅವಳು ಮುಟ್ಟಲಿಲ್ಲ. "ಬೇಡ ಅತ್ಗೆ. ಮಾರ್ಕ್ಸ್ ಕಾರ್ಡ್ ಬಿಚ್ಚಿ ನೋಡ್ಲಿ. ನೋಡಿ ಆದ್ಮೇಲೆ ಇಲ್ಲ ಅಂದ್ರೂ ಸರಿ."

ಅಧ್ಯಕ್ಷರೇ, ನಿಮ್ಮ ಆ ಕಾಲೇಜು ಸೇರಲು ನಾಳೆಯೇ ಕೊನೆಯ ದಿನ. ಅದಕ್ಕೇ ಅವಳ ಅಂಕಪಟ್ಟಿಗೆ ನನ್ನ ಟೈ ಸುತ್ತಿ ತಂದಿದ್ದೇನೆ. ಇಗೋ, ನಿಮ್ಮ ಮೇಜಿನ ಮೇಲೆ. ಗಂಟು ಬಿಗಿಯಾಗಿಲ್ಲ. ನನಗೆ ಶಾಲು ಹೊದಿಸಿದ ಕೈಯಲ್ಲೇ ಇದನ್ನು ಬಿಚ್ಚಿ, ಈ ಸಭೆಗೆ ಕೇಳುವಂತೆ ಒಮ್ಮೆ ಓದಿಬಿಡಿ. ಟೈ ನಿಮ್ಮ ಬಳಿಯೇ ಇರಲಿ.

ಕರೆದು ಗೌರವಿಸಿದ ನಿಮಗೆಲ್ಲ ಧನ್ಯವಾದ. ಅಧ್ಯಕ್ಷರೇ, ಮೈಕನ್ನು ನಿಮ್ಮ ಕಡೆಗೆ ತಿರುಗಿಸಿದ್ದೇನೆ. ನೀವು ಓದಿ ಮುಗಿಸುವವರೆಗೆ ನಾನು ಇಲ್ಲೇ ನಿಂತಿರುತ್ತೇನೆ. ನಮಸ್ಕಾರ.