ಮರಿ ಕರೆದರೂ ಬಾರದ ತಾಯಿ

ಅಲ್ಲ ಕಣ್ರೋ, ಚಿರತೆ ಮಾತು ಆಮೇಲೆ, ಮೊದ್ಲು ಊರು ಖಾಲಿಯಾಗಿದ್ದು ಕೇಳಿ. ಊರು ಅಂದ್ರೆ ಊರೂ ಅಲ್ಲ, ಗಣಿ ಕೆಲಸದೋರ ಲೈನ್ ಮನೆಗಳು. ನಂಜನಗೂಡು ರಸ್ತೇಲಿ ಬಸ್ ಇಳಿದು ಗುಡ್ಡದ ಕಡೆ ನಡೀಬೇಕು. ಬಿಳಿಕಲ್ಲು ತೆಗೀತಿದ್ರು ಅಲ್ಲಿ, ಸುರಂಗ ತೋಡಿ. ನಾನು ಹುಟ್ಟಿದ್ದು ಕೋಲಾರದ ಕಡೆ, ನಮ್ಮ ಯಜಮಾನ್ರು ಕೆಲಸ ಸಿಕ್ತು ಅಂತ ಕರ್ಕೊಂಡು ಬಂದ್ರು. ಆಮೇಲೆ ಗಣಿ ನಿಂತೋಯ್ತು. ಹೋಗೋರು ಸುಮ್ನೆ ಹೋದ್ರಾ? ಬಾಗಿಲು, ಕಿಟಕಿ, ಹೆಂಚು ಎಲ್ಲಾ ಬಿಚ್ಕೊಂಡು ಹೋದ್ರು. ಯಜಮಾನ್ರೂ ತೀರ್ಕೊಂಡ್ರು. ಉಳಿದಿದ್ದು ನಾನು, ನನ್ನ ಆಡುಗಳು, ಒಂದು ನುಗ್ಗೆಮರ. ಹಾವು ಕಂಡ್ರೆ, ‘ನೀನೂ ಇಲ್ಲೇ ಇದ್ದೀಯೇನಪ್ಪಾ’ ಅಂತಿದ್ದೆ. ಮಾತಾಡೋಕೆ ಇನ್ಯಾರಿದ್ರು?

ಇದ್ಲು, ಇದ್ಲು, ನಿಮ್ಮಜ್ಜಿ ಸಿದ್ದಮ್ಮ ಇದ್ಲು. ಕುರಿ ಹೊಡ್ಕೊಂಡು ಗುಡ್ಡಕ್ಕೆ ಬರೋಳು. ಬಂದೋಳೇ ದೂರದಿಂದ್ಲೇ, “ಅಕ್ಕೋ, ಇನ್ನೂ ಬದ್ಕಿದ್ದೀಯಾ?” ನಾನೂ ಬಿಡ್ತಿರ್ಲಿಲ್ಲ, “ಸತ್ತಿದ್ರೆ ನಿನ್ಗೆ ಎಲೆ ಅಡಿಕೆ ಯಾರೇ ಕೊಡ್ತಿದ್ರು?” ಒಂದಿನ ಬಂದೋಳು ನಗ್ಲಿಲ್ಲ. “ನರಸೀಪುರದ ಕಡೆ ಚಿರತೆ ಮನುಷ್ಯರ ಮೇಲೇ ಬೀಳ್ತದಂತೆ. ಮೊನ್ನೆ ಈ ಗುಡ್ಡದ ಕೆಳ್ಗೂ ಒಂದು ದನದ ಕರ ಇಡ್ಕಂಡೋಯ್ತು. ಆಡ ಒರಗೆ ಕಟ್ಬೇಡ ಕಣಕ್ಕಾ” ಅಂದ್ಲು. ಸರಿ ಅಂತ ಒಳಮನೇಲಿ ಕಟ್ಟೋಕೆ ಶುರು ಮಾಡ್ದೆ. ಆ ಆಡು ಹೋದ್ರೆ ನನ್ಗೆ ಅನ್ನ ಇಲ್ಲ ನೋಡಿ, ಅದೇ ನನ್ನ ಸಂಬಳ, ಅದೇ ಪೆನ್ಶನ್ನು.

ಅದೇ ಮಳೆಗಾಲದಲ್ಲಿ ಒಳಮನೆ ಬಾಗಿಲು ಕಚ್ಕೊಳ್ಳೋಕೆ ಶುರುವಾಯ್ತು. ಮರ ಉಬ್ಬಿದೆ ಅಂದ್ಕೊಂಡೆ. ನೆಲದಲ್ಲಿ ಒಂದು ಬಿರುಕು ಬಿಡ್ತು, ಕೂದಲಷ್ಟು. ಸಗಣಿ ಹಾಕಿ ಸಾರಿಸ್ದೆ. ಬೆಳಗ್ಗೆ ನೋಡಿದ್ರೆ ಬೆರಳಷ್ಟು. ಮತ್ತೆ ಸಾರಿಸ್ದೆ. ಒಂದ್ಸಲ ಕೈತಪ್ಪಿ ಬಿಂದಿಗೆ ಉರುಳ್ತು. ಅಷ್ಟೂ ನೀರು ಬಿರುಕಿನೊಳಗೆ ಹೋಯ್ತು. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಎಲ್ಲೋ ಕೆಳಗೆ, ಬಲು ಕೆಳಗೆ, ಗುಳು ಗುಳು ಅಂತು. ಇಲಿ ಬಿಲ ಇರ್ಬೇಕು ಅಂದ್ಕೊಂಡೆ! ತಲೇಲಿ ಚಿರತೆ ಕೂತಿದ್ರೆ ಬೇರೇನು ಹೊಳೀತದೆ ಹೇಳಿ.

ಒಂದು ಸಾಯಂಕಾಲ ಆಡು ಹೊಸಿಲು ದಾಟ್ಲಿಲ್ಲ. ಒಂದೂ ದಾಟ್ಲಿಲ್ಲ. ಆಡು ಸಾಕೋರಿಗೆಲ್ಲಾ ಗೊತ್ತಿರೋದೇ, ಮರಿ ಒಳಗೆ ಕಟ್ಟಿದ್ರೆ ತಾಯಿ ತಾನಾಗೇ ಬರ್ತಾಳೆ, ತಾಯಿ ಹಿಂದೆ ಮಂದೆ. ಕರಿ ಆಡಿನ ಮರಿ ಎತ್ಕೊಂಡೋಗಿ ಮೂಲೆ ಗೂಟಕ್ಕೆ ಕಟ್ದೆ. ಮರಿ ಒಂದೇ ಸಮ ಕರೀತು. ತಾಯಿ ಹೊರಗೆ ನಿಂತು ಉತ್ತರ ಕೊಡ್ತು, ಒಳಗೆ ಮಾತ್ರ ಕಾಲಿಡ್ಲಿಲ್ಲ. ಮೈಯೆಲ್ಲಾ ನಡುಕ ಅದಕ್ಕೆ. ಚಿರತೆ ವಾಸನೆ ಬಡಿದಿದೆ ಅಂದ್ಕೊಂಡು ನಾನು ಅದರ ಕೊರಳ ಹಗ್ಗ ಮಣಿಕಟ್ಟಿಗೆ ಸುತ್ಕೊಂಡು ಒಳಗಿಂದ ಎಳೀತಿದ್ದೀನಿ. ಸಿದ್ದಮ್ಮ ಅಂಗಳದಲ್ಲಿದ್ಲು. “ಬುಡಕ್ಕಾ, ಮರಿ ಕರೆದ್ರೂ ತಾಯಿ ಬತ್ತಿಲ್ಲ ಅಂದ್ರೆ ಒಳಗೇ ಏನೋ ಐತೆ!” “ಒಳಗೇನೈತೆ, ನಾನಿದ್ದೀನಿ!” ಅಂದೆ.

ಅಂದು ಬಾಯಿ ಮುಚ್ಚಿಲ್ಲ, ಬೆನ್ನ ಹಿಂದೆ ನೆಲ ಇಲ್ಲ. ದಢಾರ್ ಅಂತಲೂ ಅನ್ಲಿಲ್ಲ ಕಣ್ರೋ, ಮೊರದಿಂದ ಹಿಟ್ಟು ಜಾರ್ದಂಗೆ ಜಾರ್ತು. ನನ್ನ ಕಾಲು ಗಾಳೀಲಿ. ಕರಿ ಆಡು ಕಾಲೂರಿ ಹಿಂದಕ್ಕೆ ಜಗ್ತು, ಹಗ್ಗ ಕೈ ಕೊಯ್ತು, ಸಿದ್ದಮ್ಮ ಓಡ್ಬಂದು ನನ್ನ ಜುಟ್ಟು ಹಿಡಿದು ಎಳೆದಾಕಿದ್ಲು. ತಿರುಗಿ ನೋಡಿದ್ರೆ ಒಳಮನೆ ಜಾಗದಲ್ಲಿ ಕತ್ತಲೆ. ಗಣಿಯೋರು ತೋಡಿದ ಸುರಂಗ ಗುಡ್ಡದ ಆ ಕಡೆ ಅಂದ್ಕೊಂಡಿದ್ದೆ. ನನ್ನ ಒಲೆ ಕೆಳಗೇ ಇತ್ತು.

ಮರಿ ಕೆಳಗಿಂದ ಕರೀತಿತ್ತು. ತಾಯಿ ಮೇಲಿಂದ ಉತ್ತರ ಕೊಡ್ತಿತ್ತು. ಆಮೇಲೆ ತಾಯಿ ಒಂದೇ ಕರೀತಿತ್ತು.

ಅವತ್ತೇ ನಿಮ್ಮಜ್ಜಿ ಹಿಂದೆ ಈ ಮನೆಗೆ ಬಂದೆ. ನೋಡಿ ಮಕ್ಳಾ, ಬಾಯಿಲ್ಲದ್ದು ಕಾಲೂರಿ ನಿಂತ್ರೆ ಎಳೀಬೇಡಿ. ಮೊದ್ಲು ನೀವು ನಿಂತಿರೋ ಜಾಗ ನೋಡ್ಕೊಳ್ಳಿ. ಏಳಿ, ಮುದ್ದೆ ಆರ್ತದೆ.