ಎಳಿ ಬಿಸಲು

ಸಂಶಿ ಬಸ್ ಸ್ಟ್ಯಾಂಡಿನ ನೆರಳಿನಲ್ಲಿ ಮುದುಕಿಯೊಬ್ಬಳು ತಲೆ, ಕೆನ್ನೆ ಮುಚ್ಚುವಂತೆ ಕುಂಚಗಿ ಕಟ್ಟಿದ ಮೊಮ್ಮಗನನ್ನು ಎತ್ತಿಕೊಂಡು ನನ್ನ ಬಾಜೂಕೇ ಕೂತಿದ್ದಳು. ಅವಳ ಗುರುತಿನವಳೊಬ್ಬಳು ಬಂದು ಕೂಸಿನ ಮಾರಿ ನೋಡಿದಳು.

“ಗುರವ್ವಕ್ಕ, ಮಾರಿ ತುಂಬ ಕರಿ ಎಳ್ಳು ಚೆಲ್ಲಿದಂಗ ಮಚ್ಚಿ ಎದ್ದಾವಲ್ಲ!”

“ಹುಟ್ಟಿದಾಗ ಇದ್ದಿಲ್ಲವ್ವ. ಆಮ್ಯಾಲೆ ಎದ್ವು.”

“ಡಾಕ್ಟರ್ ಏನಂದ್ರು?”

“ಮಗಳನ್ನ ನನ್ನ ತಮ್ಮಗ ಕೊಟ್ಟಿದ್ದಕ್ಕ ಹಿಂಗಾಗೇತಂತ. ಬಿಸಲಿಗೆ ತರಬ್ಯಾಡ್ರಿ ಅಂದ್ರು. ಎಣ್ಣಿ ಹಚ್ಚಿ ಎಳಿ ಬಿಸಲಿಗೆ ಹಾಕದ ಕೂಸು ಬೆಳಿತೈತೇನು?”

“ಇದರ ಅಕ್ಕಗೂ ಹಿಂಗ ಇದ್ವಲ್ಲ?”

“ಇದ್ವು. ಮೂಗಿನ ಮ್ಯಾಲೆ ಗಂಟೆದ್ದು, ಆರನೇ ವರ್ಷಕ್ಕ ಹೋದ್ಲು.”

“ಆಕಿಯನ್ನೂ ಬಿಸಲಿಗೆ ಹಾಕ್ತಿದ್ದೇನು?”

“ಹಾಕ್ತಿದ್ದೆ. ಆಕಿಗೆ ಬಿಸಲು ಸಾಲಲಿಲ್ಲವ್ವ.”

ಬಸ್ಸು ಬಂತು. ಗುರವ್ವ ಬಿಸಿಲು ಬೀಳುವ ಕಿಟಕಿಯನ್ನೇ ಹುಡುಕಿ ಕೂತು, ಕೂಸಿನ ಕುಂಚಗಿ ಬಿಚ್ಚಿದಳು.